ಗೋಡೆ ಮೇಲಿನ ಚಿಟ್ಟೆಗೆ ಗಿಡ ಎಲ್ಲಿ?

ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದು ಪೂರ್ವಜನ್ಮದ ಪುಣ್ಯ. ಮೊನ್ನೆ ಆ ಪುಣ್ಯ ನನ್ನ ಪಾಲಿಗೂ ಬಂತು. ಕೆ.ಆರ್.ಪುರದ ಕಡೆ ಹೊರಟ ಬಸ್ಸು. ಹಲಸೂರು ಹತ್ತಿರ ಬರುವಷ್ಟರಲ್ಲಿ ಟ್ರಾಫಿಕ್ಕು ಎಂದಿನಂತೆ ಹೆಪ್ಪುಗಟ್ಟಿತು. ಮಾಡಲು ಬೇರೆ ಕೆಲಸವಿಲ್ಲ. ರಸ್ತೆ ಪಕ್ಕದ ಗೋಡೆಗಳನ್ನು ನೋಡ್ತಾ ಕೂತೆ. ನೋಡ್ತಾ ನೋಡ್ತಾ ಎಣಿಸೋಕೆ ಶುರು ಮಾಡಿದೆ. ಟಿನ್ ಫ್ಯಾಕ್ಟರಿ ಬರುವ ಹೊತ್ತಿಗೆ ಬಣ್ಣದಲ್ಲಿ ಬರೆದ ಚಿಟ್ಟೆಗಳು ಇಪ್ಪತ್ಮೂರು. ಶಾಲೆ ಕಾಂಪೌಂಡಿನ ಮೇಲೆ, ಅಪಾರ್ಟ್‌ಮೆಂಟ್ ಗೋಡೆ ಮೇಲೆ, ಟ್ರಾನ್ಸ್‌ಫಾರ್ಮರ್ ಪಕ್ಕದ ಸಿಮೆಂಟ್ ಪಟ್ಟಿ ಮೇಲೆ, ಒಂದು ಶಿಶುವಿಹಾರದ ಗೇಟಿನ ಮೇಲಂತೂ ಸಾಲಾಗಿ ಆರು.

ಜೀವ ಇರೋ ಚಿಟ್ಟೆ ಎಷ್ಟು ಅಂತೀರಾ? ಒಂದು. ಅದೂ ಬೆರಳ ಉಗುರಿನಷ್ಟು ಹಳದಿ ಚಿಟ್ಟೆ, ಡಿವೈಡರ್ ಹುಲ್ಲಿನ ಮೇಲೆ ಲಾರಿ ಗಾಳಿಗೆ ಹೊಯ್ದಾಡ್ತಾ ಇತ್ತು.

ಇದನ್ನು ಸಮೀಕ್ಷೆ ಅಂತ ಯಾರೂ ತಿಳಿಯಬೇಡಿ. ಬಸ್ಸಿನ ಕಿಟಕಿ ಲೆಕ್ಕ ಅಷ್ಟೆ. ಆದರೆ ಇಳಿದ ಮೇಲೂ ತಲೆಯೊಳಗೆ ಉಳಿಯಿತು. ಇಷ್ಟೊಂದು ಚಿಟ್ಟೆ ಬರೆದವರು ಯಾರು? ಯಾಕೆ ಚಿಟ್ಟೇನೇ?

"ಜಾಗ ಖಾಲಿ ಉಳಿದ್ರೆ ಚಿಟ್ಟೆ"

ಉತ್ತರ ಹುಡುಕಿಕೊಂಡು ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಗೆ ಹೋದೆ. ದಂಡು ಪ್ರದೇಶದ ಬೋರ್ಡ್ ಪೇಂಟರ್‌ಗಳದ್ದು ಒಂದು ಕಾಲದಲ್ಲಿ ದೊಡ್ಡ ಹೆಸರು. ಒಂದೇ ಬೋರ್ಡಿನಲ್ಲಿ ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ನಾಲ್ಕನ್ನೂ ಅಳತೆ ತಪ್ಪದೆ ಬರೆಯುತ್ತಿದ್ದ ಕೈಗಳು. ಅಂಥ ಒಬ್ಬರು ಇನ್ನೂ ಇದ್ದಾರೆ. ವಯಸ್ಸು ಎಪ್ಪತ್ತರ ಮೇಲೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕೋಲ್ಲ.

"ಭಾಯ್, ನೀವು ಗೋಡೆ ಮೇಲೆ ಚಿಟ್ಟೆ ಬರೆದಿದ್ದೀರಾ?"

"ಬರೆದಿದ್ದೀರಾ ಅಂತ ಕೇಳ್ತೀರಲ್ಲ ಸಾರ್! ಎಷ್ಟು ಅಂತ ಕೇಳಿ. ಅವರು ಹುಲಿ ಕೇಳಿದ್ರೆ ಹುಲಿ, ಹಂಪಿ ಕೇಳಿದ್ರೆ ಹಂಪಿ. ಮಧ್ಯದಲ್ಲಿ ಜಾಗ ಖಾಲಿ ಉಳಿದ್ರೆ ಚಿಟ್ಟೆ."

ಅವರು ಹೇಳ್ತಾ ಇದ್ದದ್ದು 2009ರ ಕಥೆ. ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬೇಕು. ಆಗ ಬಿಬಿಎಂಪಿ ಊರಿನ ದೊಡ್ಡ ರಸ್ತೆಗಳ ಗೋಡೆಗಳಿಗೆಲ್ಲ ಚಿತ್ರ ಬರೆಸಿತು. ಮೈಸೂರು ಅರಮನೆ, ಹಂಪಿಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ಜೋಗದ ನೀರು, ಆನೆ, ಹುಲಿ, ನವಿಲು. ಬರೆದವರು ಬಹುಪಾಲು ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರು. ಉದ್ದೇಶ ಎರಡು. ಒಂದು, ಪೋಸ್ಟರ್ ಅಂಟಿಸೋದು ತಪ್ಪಬೇಕು. ಇನ್ನೊಂದು, ಗೋಡೆ ಕಂಡ ಕೂಡಲೇ ಪ್ಯಾಂಟಿನ ಜಿಪ್ಪಿಗೆ ಕೈ ಹಾಕುವ ಗಂಡಸರಿಗೆ ಸ್ವಲ್ಪ ನಾಚಿಕೆ ಆಗಬೇಕು. ಗೋಡೆ ಕೆಡಿಸೋದನ್ನು ತಡೆಯೋಕೆ 1981ರಿಂದಲೇ ರಾಜ್ಯದಲ್ಲಿ ಕಾನೂನಿದೆ. ಕಾನೂನಿಗೆ ಹೆದರದವರು ಚಿತ್ರಕ್ಕಾದರೂ ಮರ್ಯಾದೆ ಕೊಡ್ತಾರೇನೋ ಅನ್ನೋ ಆಸೆ. ಇದಕ್ಕೆ ಮೊದಲು ಅದೇ ಕೆಲಸಕ್ಕೆ ಜನ ಗೋಡೆಯ ಬುಡದಲ್ಲಿ ದೇವರ ಟೈಲ್ಸ್ ಹಾಕಿಸುತ್ತಿದ್ದರು, ಈಗಲೂ ಹಾಕಿಸ್ತಾರೆ. ಗಣೇಶ, ಏಸು, ಮೆಕ್ಕಾ ಮೂವರೂ ಒಂದೇ ಸಾಲಿನಲ್ಲಿ. ದೇವರಿಗೆ ಹೆದರಿದಷ್ಟು ಚಿಟ್ಟೆಗೆ ಯಾರು ಹೆದರ್ತಾರೆ ಹೇಳಿ.

ಇರಲಿ. ಆ ಕೆಲಸ ನಮ್ಮ ಭಾಯ್‌ಗೆ ಬಂದದ್ದು ಮುಳುಗುವವನಿಗೆ ಹಗ್ಗ ಸಿಕ್ಕ ಹಾಗೆ. ಅದಕ್ಕೆ ಕೆಲವು ವರ್ಷ ಮೊದಲೇ ಫ್ಲೆಕ್ಸ್ ಬಂದು ಬ್ರಷ್ಷಿನ ಬದುಕನ್ನು ನುಂಗಿ ಹಾಕಿತ್ತು. ಎಂ.ಜಿ.ರಸ್ತೆಯ ಪ್ಲಾಜಾ, ಟ್ರಿನಿಟಿ ಕಡೆಯ ಲಿಡೊ, ಎರಡೂ ಟಾಕೀಸುಗಳು ಈಗ ಇಲ್ಲ. ಟಾಕೀಸ್ ಹೋದ ಮೇಲೆ ಅದರ ಮುಂದೆ ನಿಲ್ಲುತ್ತಿದ್ದ ಕಟೌಟು ಎಲ್ಲಿ ಉಳಿಯುತ್ತೆ? 2018ರ ಆಗಸ್ಟಿನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಪಾಲಿಕೆ ಫ್ಲೆಕ್ಸುಗಳನ್ನು ರಾಶಿ ರಾಶಿ ಕಿತ್ತಿತು. "ಈಗ ನಮ್ಮ ಕಾಲ ವಾಪಸ್ ಬರುತ್ತೆ ಅಂದ್ಕೊಂಡ್ವಿ. ಕಾಲ ಬರೋ ಹೊತ್ತಿಗೆ ಕೈ ನಡುಗೋಕೆ ಶುರುವಾಗಿತ್ತು" ಅಂತ ನಕ್ಕರು. ಆ ನಗು ನನಗೆ ಅಷ್ಟು ಹಿಡಿಸಲಿಲ್ಲ.

ಮೀಸೆ ತಪ್ಪು, ರೆಕ್ಕೆ ತಪ್ಪು

ಚಿಟ್ಟೆ ಹೇಗೆ ಬರೀತೀರಿ ಅಂತ ಕೇಳಿದೆ. ದೊಡ್ಡ ಚಿತ್ರವಾದರೆ ಮೊದಲು ಚೌಕ. ಚಿಕ್ಕ ಪಟದ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಚೌಕ, ಗೋಡೆ ಮೇಲೆ ಬಣ್ಣದ ದಾರ ಎಳೆದು ಬಿಟ್ಟು ದೊಡ್ಡ ಚೌಕ. ಆಮೇಲೆ ಒಂದೊಂದೇ ಚೌಕ ನೋಡಿಕೊಂಡು ಗೆರೆ. ರಾಜಕುಮಾರ್ ಮುಖವನ್ನು ನಲವತ್ತಡಿ ಎತ್ತರಕ್ಕೆ ಏರಿಸ್ತಾ ಇದ್ದದ್ದೂ ಇದೇ ಲೆಕ್ಕದಲ್ಲಿ. ಆದರೆ ಚಿಟ್ಟೆಗೆ ಚೌಕವೂ ಬೇಡ, ಪಟವೂ ಬೇಡ. ಕೈಗೇ ಬರುತ್ತೆ. ಎರಡು ದೊಡ್ಡ ರೆಕ್ಕೆ, ಎರಡು ಚಿಕ್ಕ ರೆಕ್ಕೆ, ಮಧ್ಯೆ ಒಂದು ಸೌತೆಕಾಯಿ, ತಲೆ ಮೇಲೆ ಸುರುಳಿ ಮೀಸೆ ಎರಡು.

ಇಲ್ಲೇ ನಾನು ಸ್ವಲ್ಪ ಅಧಿಕಪ್ರಸಂಗ ಮಾಡಿದೆ. ಮೊಬೈಲಿನಲ್ಲಿ ನಿಜವಾದ ಚಿಟ್ಟೆಯ ಫೋಟೋ ತೆಗೆದು ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅವರೇ ತಪ್ಪು ಹುಡುಕೋಕೆ ಶುರು ಮಾಡಿದರು. ಮೀಸೆ ಸುರುಳಿ ಅಲ್ಲ, ನೇರ, ತುದಿಯಲ್ಲಿ ಬೆಂಕಿಕಡ್ಡಿಗೆ ಮದ್ದು ಇರೋ ಹಾಗೆ ಗುಂಡಗೆ ಇದೆ. ಸುರುಳಿ ಇರೋದು ಬಾಯಿ ಕೆಳಗಿನ ಹೀರುಕೊಳವೆ. ನಾಲ್ಕು ರೆಕ್ಕೆಯೂ ಹುಟ್ಟೋದು ಎದೆಯ ತುಂಡಿನಿಂದ, ಹೊಟ್ಟೆಯಿಂದಲ್ಲ. ನಾವು ಬರೆಯೋ ಚಿಟ್ಟೆಯ ಹಿಂದಿನ ರೆಕ್ಕೆ ಸೊಂಟಕ್ಕೆ ಅಂಟಿರುತ್ತೆ. "ಇಷ್ಟು ವರ್ಷ ತಪ್ಪು ಬರೆದೆ. ಒಬ್ಬ ಗಿರಾಕಿಯೂ ಹೇಳಲಿಲ್ಲ ನೋಡಿ" ಅಂದರು. ಹೇಳೋದು ಹೇಗೆ? ಗಿರಾಕಿಯೂ ನೋಡಿರಬೇಕಲ್ಲ.

ಬಣ್ಣದ ವಿಷಯ ಬಂದಾಗ ಮಾತ್ರ ಅವರ ಕಣ್ಣು ಅರಳಿತು. ಚಿಟ್ಟೆ ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತಲ್ಲ, ಅದು ಪುಡಿಯಲ್ಲ, ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿದ ಸಣ್ಣ ಸಣ್ಣ ಹಲ್ಲೆ. ಕೆಲವು ಚಿಟ್ಟೆಗಳ ಹೊಳೆಯುವ ನೀಲಿಯಲ್ಲಿ ನೀಲಿ ಬಣ್ಣವೇ ಇರೋಲ್ಲ. ಆ ಹಲ್ಲೆಗಳ ಕಟ್ಟೋಣದಿಂದ ಬೆಳಕು ಒಡೆದು ನಮಗೆ ನೀಲಿ ಕಾಣುತ್ತೆ, ಸೋಪಿನ ಗುಳ್ಳೆಯಲ್ಲಿ ಬಣ್ಣ ಕಾಣೋ ಹಾಗೆ. "ಡಬ್ಬಾ ಇಲ್ಲದ ನೀಲಿ!" ಅಂದರು ಭಾಯ್. ಅವರ ಅನುಭವದಲ್ಲಿ ಬಿಸಿಲಿಗೆ ಮೊದಲು ಸೋಲೋದು ಕೆಂಪು. ಗೋಡೆಯ ಹಳೇ ಚಿತ್ರಗಳಲ್ಲಿ ಕುಂಕುಮ ಮಾಸಿ ನೀಲಿ ಮಾತ್ರ ಉಳಿದಿರೋದನ್ನು ನೀವೂ ನೋಡಿರಬಹುದು.

ನಮ್ಮ ಪೇಟೆಯ ಚಿಟ್ಟೆಗಳು

ಈಗ ನೀವು ಕೇಳಬಹುದು, ಈ ಹೊಗೆ, ಧೂಳು, ಮೆಟ್ರೊ ಕಂಬಗಳ ನಡುವೆ ನಿಜವಾದ ಚಿಟ್ಟೆ ಇದೆಯೇನಯ್ಯಾ ಅಂತ. ಇದೆ ಸ್ವಾಮಿ. ಅದನ್ನು ನೋಡೋಕೆ ಬನ್ನೇರುಘಟ್ಟದ ಚಿಟ್ಟೆ ಪಾರ್ಕಿಗೇ ಹೋಗಬೇಕಾಗಿಲ್ಲ. ಆ ಪಾರ್ಕು ಏಳೂವರೆ ಎಕರೆಯದ್ದು, 2006ರ ನವೆಂಬರಿನಲ್ಲಿ ಶುರುವಾಯಿತು, ದೇಶದಲ್ಲೇ ಮೊದಲನೆಯದು. ಮಕ್ಕಳನ್ನು ಕರಕೊಂಡು ಹೋಗಿ, ಬೇಡ ಅನ್ನೋಲ್ಲ. ಆದರೆ ಇಂದಿರಾನಗರದ ಹಳೇ ರಸ್ತೆಗಳಲ್ಲಿ ಮಾವು, ಹೊಂಗೆ ಮರಗಳ ಮೇಲೆ ಬಂದಳಿಕೆ ಅಂತ ಒಂದು ಬೇರೆ ಗಿಡ ಕೂತು ಬೆಳೆಯುತ್ತಲ್ಲ, ಅದನ್ನು ನೋಡಿ. ಮರದ ರಸ ಹೀರುವ ಪೀಡೆ ಅಂತ ಕಡಿದು ಹಾಕ್ತಾರೆ. ಆ ಪೀಡೆಯ ಎಲೆಯನ್ನೇ ತಿಂದು ಬೆಳೆಯೋದು ನಮ್ಮ ಊರಿನ ಅತಿ ಚೆಂದದ ಚಿಟ್ಟೆಗಳಲ್ಲಿ ಒಂದು. ಇಂಗ್ಲಿಷಿನಲ್ಲಿ ಕಾಮನ್ ಜೆಜೆಬೆಲ್. ರೆಕ್ಕೆಯ ಮೇಲ್ಭಾಗ ಬಿಳಿ, ಕಪ್ಪು ಗೆರೆ. ಕೆಳಭಾಗದಲ್ಲಿ ಅರಿಶಿನ, ಅಂಚಿಗೆ ಕುಂಕುಮದ ಬೊಟ್ಟು. ಮರದ ತುದಿಯಲ್ಲೇ ಹಾರೋದರಿಂದ ನಮಗೆ ಕೆಳಗಿನಿಂದ ಕಾಣೋದು ಅರಿಶಿನ ಕುಂಕುಮವೇ.

ಅರಿಶಿನ ಕುಂಕುಮ ಅಂದಾಗ ನೆನಪಾಯಿತು. ಕರ್ನಾಟಕಕ್ಕೂ ಒಂದು ರಾಜ್ಯ ಚಿಟ್ಟೆ ಇದೆ, ಸದರ್ನ್ ಬರ್ಡ್‌ವಿಂಗ್. ಕಪ್ಪು ರೆಕ್ಕೆ, ಅದರ ಕೆಳಗೆ ಹಳದಿ, ಮೈ ಪಕ್ಕ ಕೆಂಪು. ಕನ್ನಡ ಬಾವುಟದ ಬಣ್ಣ ಅಂತಲೇ ಅದನ್ನು ಆರಿಸಿದ್ದು. ರೆಕ್ಕೆ ಬಿಚ್ಚಿದರೆ ಹದಿನಾಲ್ಕರಿಂದ ಹತ್ತೊಂಬತ್ತು ಸೆಂಟಿಮೀಟರ್. ಅದರ ಮನೆ ಮಲೆನಾಡು. ಹಾಗಾಗಿ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಕಾದು ಕೂರಬೇಡಿ.

ಕಕ್ಕೆ ಮರ ಇದ್ದ ಕಡೆ ತಿಳಿ ಹಳದಿ ಹಸಿರು ಚಿಟ್ಟೆಗಳ ಓಡಾಟ. ನಿಂಬೆ, ಕರಿಬೇವು ಇದ್ದ ಕಡೆ ಕಪ್ಪು ಮೈಗೆ ಹಳದಿ ಮಚ್ಚೆಯ ಚಿಟ್ಟೆ. ಎಕ್ಕದ ಗಿಡ ಇದ್ದ ಕಡೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್. ಒಂದೊಂದು ಚಿಟ್ಟೆಗೂ ಒಂದೊಂದು ಗಿಡದ ಋಣ. ಹೂವಿನ ಮಕರಂದ ಯಾವ ಹೂವಿನಲ್ಲಾದರೂ ಸಿಗುತ್ತೆ, ಆದರೆ ಮೊಟ್ಟೆ ಇಡೋದು ಮರಿ ತಿನ್ನೋ ಗಿಡದ ಮೇಲೇ. ಆ ಗಿಡ ಇಲ್ಲ ಅಂದ್ರೆ ಆ ಚಿಟ್ಟೆ ಇಲ್ಲ.

ಇನ್ನೊಂದು ಬಳಗ ಇದೆ, ಅದು ನಮ್ಮ ಹಾಗೆ ಪ್ರಯಾಣಿಕರದ್ದು. ಮುಂಗಾರು ಶುರುವಾಗೋಕೆ ಮೊದಲು, ಮೇ ತಿಂಗಳ ಹೊತ್ತಿಗೆ, ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದ ಚಿಟ್ಟೆಗಳು ಪಶ್ಚಿಮ ಘಟ್ಟದ ಜಡಿಮಳೆ ತಪ್ಪಿಸಿಕೊಂಡು ಪೂರ್ವದ ಕಡೆ ಹೊರಡುತ್ತವೆ. ಮಳೆ ಮುಗಿದ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ, ಮತ್ತೆ ವಾಪಸ್. ದಾರಿಯಲ್ಲಿ ಬೆಂಗಳೂರು. ಕೆ.ಆರ್.ಪುರ ಕಡೆಯ ಖಾಲಿ ಸೈಟುಗಳಲ್ಲಿ ಗಿಲಿಗಿಚ್ಚಿ ಗಿಡ ಇದ್ದರೆ, ಅದರ ಒಣಗಿದ ಕಾಯಿ ಕೊಂಬೆಗೆಲ್ಲ ಅವು ಮುತ್ತಿಕೊಂಡಿರುತ್ತವೆ. ಅಪ್ ಅಂಡ್ ಡೌನ್ ಎರಡೂ ಸರ್ವೀಸ್. ಆದರೆ ಇವಕ್ಕೆ ಪಾಸ್ ಇದ್ದರೂ ಸ್ಟಾಪ್ ಕಡಿಮೆ ಆಗ್ತಾ ಇದೆ. ಸೈಟು ಖಾಲಿ ಇದ್ದರೆ ತಾನೇ ಗಿಡ.

ಹಳೇ ಮದ್ರಾಸ್ ರಸ್ತೆಯ ಆ ಗೋಡೆ

ಈಗ ಅಸಲು ವಿಷಯ. ಹಳೇ ಮದ್ರಾಸ್ ರಸ್ತೆ ಕಡೆ ಒಂದು ಖಾಸಗಿ ಕಾಂಪೌಂಡು. ಯಾರದ್ದು ಅಂತ ಬರೆಯೋಲ್ಲ. ನಾನು ಮೂರು ವರ್ಷ ಅದರ ಎದುರಿನ ಸ್ಟಾಪಿನಲ್ಲಿ ಬಸ್ಸಿಗೆ ಕಾದವನು. ಗೋಡೆಯ ಬುಡದಲ್ಲಿ ಎಕ್ಕದ ಗಿಡಗಳ ಒಂದು ಸಾಲೇ ಇತ್ತು. ಶನಿವಾರ ಬೆಳಗ್ಗೆ ಆಂಜನೇಯನ ಹಾರಕ್ಕೆ ಒಬ್ಬ ಅಜ್ಜಿ ಬಂದು ಹೂವು ಬಿಡಿಸಿಕೊಂಡು ಹೋಗ್ತಾ ಇದ್ದರು. ರಥಸಪ್ತಮಿ ಹಿಂದಿನ ದಿನ ಎಲೆಗೆ ಬೇರೆಯವರೂ ಬರ್ತಾ ಇದ್ದರು. ಆ ಗಿಡದಲ್ಲಿ ಕಪ್ಪು ಬಿಳಿ ಹಳದಿ ಪಟ್ಟೆಯ ಹುಳ ಯಾವಾಗಲೂ ಇರ್ತಿತ್ತು. ಎಕ್ಕದ ಹಾಲಿನ ವಿಷವನ್ನೇ ಮೈಗೂಡಿಸಿಕೊಂಡು ಬೆಳೆಯೋ ಹುಳ, ಹಾಗಾಗಿ ಹಕ್ಕಿಗಳೂ ಬಾಯಿ ಹಾಕೋದು ಕಡಿಮೆ. ಬಸ್ಸು ತಡವಾದಷ್ಟೂ ನನಗೆ ಅದೇ ಕಾಲಕ್ಷೇಪ.

ಒಂದು ದಿನ ನೋಡ್ತೀನಿ, ಗಿಡ ಎಲ್ಲ ನೆಲಸಮ. ಬುಡಕ್ಕೆ ಸಿಮೆಂಟ್. ಗೋಡೆಗೆ ಪ್ರೈಮರ್. ಮರುವಾರ ಗೋಡೆ ತುಂಬ ಚಿಟ್ಟೆ! ಗುಲಾಬಿ, ನೇರಳೆ, ನೀಲಿ. ಮೇಲೆ ಇಂಗ್ಲಿಷಿನಲ್ಲಿ ಹಸಿರು ಉಳಿಸಿ ಅನ್ನೋ ಅರ್ಥದ ಮಾತು. ನಾನು ಒಳಗೆ ಹೋಗಿ ಕೇಳಿದೆ. ಕುರ್ಚಿಯಲ್ಲಿ ಕೂತಿದ್ದವರು ಬಹಳ ಮರ್ಯಾದಸ್ಥರು, ಕಾಫಿ ಕೊಟ್ಟರು. "ಕಳೆ ಬೆಳೆದಿತ್ತು ಸಾರ್, ಹುಳ ಬೇರೆ. ಕ್ಲೀನ್ ಮಾಡಿಸಿ ಬ್ಯೂಟಿಫಿಕೇಷನ್ ಮಾಡಿಸಿದ್ವಿ" ಅಂದರು. ಆ ಹುಳವೇ ಚಿಟ್ಟೆ ಅಂತ ನಾನು ಹೇಳಿದಾಗ ಅವರಿಗೆ ನಿಜವಾಗಿಯೂ ಬೇಜಾರಾಯಿತು. ಕೆಟ್ಟವರಲ್ಲ. ಮೂರನೇ ಕ್ಲಾಸಿನಲ್ಲಿ ಓದಿದ ಪಾಠ ಗೋಡೆ ಮುಂದೆ ನಿಂತಾಗ ನೆನಪಿಗೆ ಬಂದಿಲ್ಲ, ಅಷ್ಟೆ. ಆದರೆ ಕಿತ್ತ ಗಿಡ ಕಿತ್ತದ್ದೇ. ಅಜ್ಜಿ ಈಗ ಹಾರವನ್ನು ದುಡ್ಡು ಕೊಟ್ಟು ತಗೋತಾರೋ ಏನೋ, ಆ ಕಡೆ ನನಗೆ ಕಂಡಿಲ್ಲ.

ಈ ಸಂಗತಿಯನ್ನು ಬಸ್ಸಿನಲ್ಲಿ ಪಕ್ಕ ಕೂತ ಒಬ್ಬ ರಿಟೈರ್ಡ್ ಮೇಷ್ಟ್ರಿಗೆ ಹೇಳಿದೆ. ಹಲಸೂರಿನಲ್ಲಿ ಹತ್ತಿದವರು. ಏನೂ ಮಾತಾಡದೆ ಟಿಕೆಟ್ ಹಿಂದೆ ಏನೋ ಗೀಚೋಕೆ ಶುರು ಮಾಡಿದರು. ಟಿಕೆಟ್ ಸಾಲದೆ ನನ್ನ ಪೇಪರಿನ ಅಂಚಿಗೂ ಬರೆದರು. ಇಳಿಯೋವಾಗ ಕೈಗೆ ಕೊಟ್ಟು ಹೋದರು:

ಎಕ್ಕದ ಗಿಡ ಕಿತ್ತರು, ಗೋಡೆಗೆ ಸುಣ್ಣ ಬಳಿದರು,
ಸುಣ್ಣದ ಮೇಲೆ ಬಣ್ಣದ ಚಿಟ್ಟೆ ಹತ್ತು ಬರೆದರು.
ಗಿಡ ಹುಡುಕಿ ಬಂದ ಚಿಟ್ಟೆ ಗೋಡೆ ಸುತ್ತಿ ನೋಡಿತು,
ಹೊಟ್ಟೆಯಲ್ಲಿ ಮೊಟ್ಟೆ ಹೊತ್ತು ಮುಂದಿನ ಸ್ಟಾಪಿಗೆ ಓಡಿತು.

ಚುಟುಕ ಅಂದ್ರೆ ಇದು. ನಾಲ್ಕು ಸಾಲು, ಕೊನೆಯಲ್ಲಿ ಒಂದು ಚಿವುಟು. ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಮನೆಮಾತು ಮಾಡಿದವರು ದಿನಕರ ದೇಸಾಯಿ. ಉತ್ತರ ಕನ್ನಡದವರು, 1967ರಲ್ಲಿ ಲೋಕಸಭೆಗೂ ಗೆದ್ದವರು, 1982ರಲ್ಲಿ ತೀರಿಕೊಂಡರು. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿಗೆ ಜಾಗ ಮಾಡಿಕೊಟ್ಟ ಪುಣ್ಯಾತ್ಮರು ಅವರು. ಆಮೇಲೆ ಡುಂಡಿರಾಜರ ಹನಿಗವನಗಳು ಬಂದವು. ಚಿಟ್ಟೆಯ ಮೇಲೆ ಕನ್ನಡದಲ್ಲಿ ಪದ್ಯ ಅಂದ್ರೆ ಬೇಂದ್ರೆಯವರ ಪಾತರಗಿತ್ತಿ ಮೊದಲು ನೆನಪಾಗುತ್ತೆ. ಧಾರವಾಡದ ಮಂದಿಗೆ ಇದು ಪಾತರಗಿತ್ತಿ, ನಮಗೆ ಬರೀ ಚಿಟ್ಟೆ. ಹೆಸರಿನಲ್ಲೇ ಅವರು ನಮಗಿಂತ ಹೆಚ್ಚು ಬಣ್ಣ ಬಳಿದುಬಿಟ್ಟಿದ್ದಾರೆ.

ಬೀದಿಗೂ ಚಿಕ್ಕ ಪದ್ಯಕ್ಕೂ ಈ ಭಾಗದಲ್ಲಿ ಇನ್ನೊಂದು ನಂಟಿದೆ. ಹಲಸೂರು ಕೆರೆ ಹತ್ತಿರದ ತಿರುವಳ್ಳುವರ್ ಪ್ರತಿಮೆ ದಿನಾ ನೋಡ್ತೀರಲ್ಲ. 1991ರಲ್ಲಿ ನಿಲ್ಲಿಸಿದ್ದು, ಹದಿನೆಂಟು ವರ್ಷ ಮುಸುಕಿನಲ್ಲೇ ಇತ್ತು. ಮುಸುಕು ತೆಗೆದದ್ದು 2009ರ ಆಗಸ್ಟ್ 9ಕ್ಕೆ. ನಾಲ್ಕು ದಿನ ಬಿಟ್ಟು ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣ ಆಯಿತು. ಅವರು ಎರಡು ಸಾಲಿನ ಕವಿ, ಇವನು ಮೂರು ಸಾಲಿನ ಕವಿ. ಗೋಡೆಗಳಿಗೆ ಬಣ್ಣ ಬಂದದ್ದೂ ಅದೇ ವರ್ಷ. ಗೋಡೆಗೆ ಚಿಟ್ಟೆ ಬರೆಸಿದವರಿಗೆ ಅದರ ಕೆಳಗೆ ಒಂದು ತ್ರಿಪದಿಯೋ, ಚುಟುಕವೋ, ಕುರಳೋ ಬರೆಸೋಣ ಅಂತ ತೋಚಲಿಲ್ಲ. ಬಸ್ಸಿನ ಬಾಗಿಲಿಗೆ, ಆಟೋದ ಹಿಂದಕ್ಕೆ ಪ್ರಾಸ ಬರೆಯೋ ಊರಿನಲ್ಲಿ ಇದು ಸೋಜಿಗವೇ.

ಹೊರದೇಶದಲ್ಲಿ ಈ ಕೆಲಸವನ್ನು ಸ್ವಲ್ಪ ತಲೆ ಓಡಿಸಿ ಮಾಡಿದವರಿದ್ದಾರೆ. ಫ್ರಾನ್ಸಿನ ಮಾಂತ್ರಾ ಅನ್ನೋ ಕಲಾವಿದ ಮಹಡಿ ಮನೆಗಳ ಇಡೀ ಗೋಡೆಯನ್ನು ಗಾಜಿನ ಪೆಟ್ಟಿಗೆಯ ಹಾಗೆ ಬರೆದು, ಒಳಗೆ ಪಿನ್ ಚುಚ್ಚಿ ಇಟ್ಟಂತೆ ಚಿಟ್ಟೆಗಳನ್ನು ಬರೀತಾನೆ. ನೆರಳು ಕೂಡ ನಿಜ ಅನ್ನಿಸುತ್ತೆ. ಅಮೆರಿಕದ ಜೇನ್ ಕಿಮ್ ಅನ್ನೋ ಹೆಣ್ಣುಮಗಳು ವಲಸೆ ಹೋಗುವ ಮೊನಾರ್ಕ್ ಚಿಟ್ಟೆಯ ಚಿತ್ರಗಳನ್ನು ಅದರ ಹಾದಿಯ ಊರುಗಳಲ್ಲೇ ಬರೀತಾಳೆ. ಮೊನಾರ್ಕ್ ನಮ್ಮ ಎಕ್ಕದ ಚಿಟ್ಟೆಗೆ ದಾಯಾದಿ. ಇಂದಿರಾನಗರದ ಹೋಟೆಲ್ ಗೋಡೆಗಳಲ್ಲಿ ಎರಡು ರೆಕ್ಕೆ ಬರೆದು ಮಧ್ಯೆ ಹುಡುಗ ಹುಡುಗಿಯರನ್ನು ನಿಲ್ಲಿಸಿ ಫೋಟೋ ಹೊಡೆಯೋ ಶೋಕಿ ಇದೆಯಲ್ಲ, ಅದು 2012ರಲ್ಲಿ ಲಾಸ್ ಏಂಜಲೀಸಿನಲ್ಲಿ ಕೋಲೆಟ್ ಮಿಲ್ಲರ್ ಬರೆದ ದೇವದೂತರ ರೆಕ್ಕೆಯಿಂದ ಊರೂರಿಗೆ ಹಬ್ಬಿದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ. ನಿಂತವರಿಗೆ ಖುಷಿ, ಬರೆದವನಿಗೆ ಕೂಲಿ.

ಹಲಸೂರಿನ ಶಟರ್

ಕೊನೆಗೆ ಒಂದು ಅಂಗಡಿ ಕಥೆ. ಹಲಸೂರಿನಲ್ಲಿ ನನಗೆ ಗೊತ್ತಿರೋ ಒಬ್ಬ ದಿನಸಿ ಅಂಗಡಿಯವರು. ಅಂಗಡಿ ಬೋರ್ಡು ನಮ್ಮ ಭಾಯ್ ಕೈಬರಹ, ಇನ್ನೂ ಇದೆ. ಬಾಗಿಲ ಪಕ್ಕ ಎಣ್ಣೆ ಡಬ್ಬದಲ್ಲಿ ಒಂದು ಕರಿಬೇವಿನ ಗಿಡ. ಹೋದ ತಿಂಗಳು ಅವರು ಔಷಧಿ ಸಿಂಪಡಿಸೋ ಡಬ್ಬಿ ಕೈಲಿ ಹಿಡಿದು ನಿಂತಿದ್ದರು. ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣೋ ಐದು ಹುಳ.

"ಅಣ್ಣಾ, ಹತ್ತು ದಿನ ಬಿಡಿ. ಚಿಟ್ಟೆ ಆಗುತ್ತೆ" ಅಂದೆ.

"ಹತ್ತು ದಿನದಲ್ಲಿ ಗಿಡ ಬೋಳಾಗುತ್ತೆ ಸಾರ್."

"ಎಲೆ ಮತ್ತೆ ಬರುತ್ತೆ."

ಅರೆಮನಸ್ಸಿನಿಂದ ಡಬ್ಬಿ ಒಳಗಿಟ್ಟರು. ಹುಳ ಬೆಳೆದು ಹಸಿರಾದವು. ಮುಟ್ಟಿದರೆ ತಲೆ ಹಿಂದಿನಿಂದ ಕೆಂಪಗೆ ಎರಡು ಕೊಂಬು ಹೊರಗೆ ಹಾಕಿ ಘಾಟು ವಾಸನೆ ಬಿಡ್ತಾ ಇದ್ದವು, ಅಂಗಡಿ ಹುಡುಗನಿಗೆ ಅದೇ ಆಟ. ಎರಡನ್ನು ಹಕ್ಕಿ ಎತ್ತಿತು. ಒಂದು ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ಸತ್ತಿತು. ಉಳಿದ ಒಂದು ಗಿಡ ಇಳಿದು, ಮೆಟ್ಟಿಲು ದಾಟಿ, ಶಟರ್ ಪಟ್ಟಿಯ ಮೇಲೆ ಹತ್ತಿ ಕೋಶ ಕಟ್ಟಿಕೊಂಡಿತು. ಬೆಸ್ಕಾಂ ಲೈನ್‌ಮನ್ ಕಂಬಕ್ಕೆ ಬೆಲ್ಟ್ ಕಟ್ಟಿಕೊಂಡು ವಾಲಿ ನಿಲ್ತಾನಲ್ಲ, ಥೇಟ್ ಹಾಗೆ, ಸೊಂಟಕ್ಕೊಂದು ರೇಷ್ಮೆ ಎಳೆ.

ಆ ಶಟರ್ ಎತ್ತಿದರೆ ಕೋಶ ಸುರುಳಿಯೊಳಗೆ ಸಿಕ್ಕಿ ಅರೆದು ಹೋಗುತ್ತೆ. ಅಂಗಡಿಗೆ ಇರೋದು ಎರಡು ಶಟರ್. ಯಜಮಾನರು ಒಂದೇ ಶಟರ್ ತೆಗೆದು ವ್ಯಾಪಾರ ಮಾಡಿದರು. ಗಿರಾಕಿಗಳು ಯಾರಾದರೂ ತೀರಿಕೊಂಡರಾ ಅಂತ ಕೇಳಿದರಂತೆ. ಹನ್ನೊಂದನೇ ದಿನ ಬೆಳಗ್ಗೆ ನಾನು ಹೋಗೋ ಹೊತ್ತಿಗೆ ಅದು ಹೊರಗೆ ಬಂದು, ಒದ್ದೆ ಬಟ್ಟೆಯ ಹಾಗೆ ಮುದುಡಿದ್ದ ರೆಕ್ಕೆಯನ್ನು ಬಿಡಿಸಿಕೊಳ್ತಾ ಇತ್ತು. ಹಾಲು ತಗೊಳ್ಳೋಕೆ ಬಂದ ನಾಲ್ಕೈದು ಜನ ನಿಂತಿದ್ದರು. ಸುಮಾರು ಒಂದು ಗಂಟೆ. ಆಮೇಲೆ ಒಂದು ಸಲ ಬೋರ್ಡಿನ ಎತ್ತರಕ್ಕೆ ಹಾರಿ, ಎದುರು ಮನೆ ತಾರಸಿ ದಾಟಿ ಹೋಯಿತು. ಯಜಮಾನರು ಎರಡನೇ ಶಟರ್ ಎತ್ತಿದರು.

ಫೋಟೋ ತೆಗೆದುಕೊಂಡು ಹೋಗಿ ಭಾಯ್‌ಗೆ ತೋರಿಸಿದೆ. ಮೀಸೆಯ ತುದಿಯನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಸಂಪಿಗೆಹಳ್ಳಿ ಕಡೆ ಒಂದು ಶಾಲೆ ಗೋಡೆಗೆ ಮಾತು ಬಂದಿದೆಯಂತೆ, ಅಡಿ ಲೆಕ್ಕದಲ್ಲಿ. ಕೈ ನಡುಗಿದರೂ ಮೊಮ್ಮಗ ಚೌಕ ಎಳೀತಾನೆ ಅಂದರು. ಚಿಟ್ಟೆಗೂ ಈ ಸಲ ಚೌಕ ಹಾಕಿಸ್ತಾರಂತೆ.